‘ನೀನು’ ಅನ್ನಿಸಿಕೊಂಡವರ ಜರ್ಮನ್ ಸಿನಿಮಾ

ಬೆಂಗಳೂರಿನಲ್ಲಿ ಹೊಸ ಜರ್ಮನ್ ಸಿನಿಮಾ ನೋಡಬೇಕೆನ್ನುವವರಿಗೆ ಜಾಗಕ್ಕೇನೂ ಬರವಿಲ್ಲ. ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. 1971ರಲ್ಲಿ ಹುಟ್ಟಿದ ‘ಸುಚಿತ್ರ’ ಬನಶಂಕರಿಯಲ್ಲಿದೆ. ಸರ್ಕಾರದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೂ ಜರ್ಮನಿಯ ಚಿತ್ರಗಳು ಬರುತ್ತವೆ. ಈ ಕೆಲವು ವರ್ಷಗಳಲ್ಲಿ ಅಲ್ಲಿ ಇಲ್ಲಿ ಕೂತು, ಕೆಲವನ್ನು ಫೋನಿನಲ್ಲಿ ಹಿಡಿದು, ನಾನು ನೋಡಿದ ಜರ್ಮನ್ ಚಿತ್ರಗಳು ಹದಿನೈದಿಪ್ಪತ್ತು ಆಗಬಹುದು. ಬಹುಪಾಲು ಒಳ್ಳೆಯ ಚಿತ್ರಗಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ‘ಇವನಿಗೆ ಕಲೆ ಗೊತ್ತಿಲ್ಲ’ ಅನ್ನಬಾರದು. ನನ್ನ ತಕರಾರು ಇರುವುದು ಚಿತ್ರದ ಕೆಳಗೆ ಓಡುವ ಆ ಇಂಗ್ಲಿಷ್ ಸಾಲಿನ ಮೇಲೆ.

ಜರ್ಮನ್ ಭಾಷೆಯಲ್ಲಿ ನಮ್ಮ ಹಾಗೇ ಎರಡು ಮಾತಿವೆ. ‘ದು’ ಅಂದರೆ ನೀನು. ‘ಜೀ’ ಅಂದರೆ ನೀವು. ಯಾರು ಯಾರನ್ನು ‘ದು’ ಅನ್ನಬಹುದು, ಯಾವತ್ತಿನಿಂದ ಅನ್ನಬಹುದು, ಯಾರು ಮೊದಲು ಅನುಮತಿ ಕೊಡಬೇಕು ಎನ್ನುವುದಕ್ಕೆ ಅಲ್ಲೊಂದು ಕಟ್ಟುಕಟ್ಟಳೆಯೇ ಇದೆ. ಇಂಗ್ಲಿಷ್ ಇವೆರಡನ್ನೂ ಒಂದೇ ‘ಯೂ’ ಮಾಡಿ ಬಿಸಾಕುತ್ತದೆ. ಇಂಗ್ಲಿಷಿನವರಿಗೆ ಅದು ನಷ್ಟವೇ ಅಲ್ಲದಿರಬಹುದು. ಆದರೆ ಕನ್ನಡದವನಿಗೆ? ಅದರಲ್ಲೂ ಕೇರಿಯಿಂದ ಬಂದ ಕನ್ನಡದವನಿಗೆ? ಅರವತ್ತು ದಾಟಿದ ನಮ್ಮಪ್ಪನನ್ನು ಹತ್ತು ವರ್ಷದ ಯಜಮಾನರ ಮಗ ‘ಏನ್ಲಾ’ ಅಂತ ಕೂಗಿದ್ದನ್ನು ಕೇಳಿಸಿಕೊಂಡು ಬೆಳೆದವನಿಗೆ, ಒಂದು ಸಿನಿಮಾದಲ್ಲಿ ಯಾರು ಯಾರನ್ನು ‘ನೀನು’ ಅಂದರು ಎನ್ನುವುದೇ ಅರ್ಧ ಕತೆ. ಆ ಅರ್ಧ ಕತೆಯನ್ನು ನುಂಗಿ ಉಳಿದ ಅರ್ಧವನ್ನು ನಮ್ಮ ಮುಂದೆ ಇಟ್ಟು, ‘ನೋಡಿ, ಮನುಷ್ಯಸಹಜ ಭಾವನೆಗಳು ಎಲ್ಲೆಡೆ ಒಂದೇ’ ಎಂದು ಚರ್ಚೆ ಮಾಡುತ್ತಾರಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತದೆ.

ಇದಕ್ಕೆ ಒಂದು ಹಳೆಯ ಚಿತ್ರದಿಂದಲೇ ಶುರು ಮಾಡಬೇಕು, ಯಾಕೆಂದರೆ ಇವತ್ತಿನ ಜರ್ಮನ್ ಸಿನಿಮಾದ ಎಷ್ಟೋ ದಾರಿಗಳು ಅಲ್ಲಿಂದ ಹೊರಟಿವೆ. 1974ರಲ್ಲಿ ಫಾಸ್‌ಬಿಂಡರ್ ಮಾಡಿದ ಚಿತ್ರ. ಮ್ಯೂನಿಕ್ಕಿನಲ್ಲಿ ನೆಲ ಒರೆಸುವ ಎಮ್ಮಿ ಎಂಬ ವಯಸ್ಸಾದ ವಿಧವೆ, ಅವಳಿಗಿಂತ ಎಷ್ಟೋ ಚಿಕ್ಕವನಾದ ಮೊರಾಕೊ ದೇಶದ ಮೆಕ್ಯಾನಿಕ್, ಇಬ್ಬರೂ ಮದುವೆಯಾಗುತ್ತಾರೆ. ಅವನನ್ನು ಎಲ್ಲರೂ ಅಲಿ ಅನ್ನುತ್ತಾರೆ. ಅವನ ನಿಜವಾದ ಹೆಸರು ಗೇಣುದ್ದ ಇದೆ, ಅದನ್ನು ಹೇಳುವ ಪುರಸೊತ್ತು ಯಾರಿಗೂ ಇಲ್ಲ. ಕರಿಯ, ಕೆಂಚ, ಮುದುಕ ಅಂತ ಊರು ಇಟ್ಟ ಹೆಸರನ್ನೇ ರೇಷನ್ ಕಾರ್ಡಿನಲ್ಲೂ ಬರೆಸಿಕೊಂಡವರ ಮಕ್ಕಳು ನಾವು, ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮದುವೆಯಾದ ಮೇಲೆ ದಿನಸಿ ಅಂಗಡಿಯವನು ಸಾಮಾನು ಕೊಡುವುದಿಲ್ಲ. ಎಮ್ಮಿಯ ಮಗ ಟಿ.ವಿ.ಯನ್ನು ಕಾಲಿನಿಂದ ಒದ್ದು ಒಡೆಯುತ್ತಾನೆ. ಕೆಲಸದ ಹೆಂಗಸರು ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ಎಮ್ಮಿಯೊಬ್ಬಳನ್ನು ಬಿಟ್ಟು ಗುಂಪಾಗಿ ಕೂರುತ್ತಾರೆ. ಮುಂದೆ ಯುಗೊಸ್ಲಾವಿಯಾದಿಂದ ಇನ್ನೊಬ್ಬ ಬಡ ಹೆಂಗಸು ಕೆಲಸಕ್ಕೆ ಸೇರುತ್ತಾಳೆ. ಆಗ ಅದೇ ಮೆಟ್ಟಿಲ ಮೇಲೆ ಅವಳು ಒಂಟಿ, ಎಮ್ಮಿ ಈಗ ಗುಂಪಿನಲ್ಲಿ! ಈ ಎರಡು ದೃಶ್ಯಗಳನ್ನು ನೋಡಿದವರಿಗೆ ಬಹಿಷ್ಕಾರ ಹೇಗೆ ಕೆಲಸ ಮಾಡುತ್ತದೆ ಅಂತ ಬೇರೆ ಪಾಠ ಬೇಕಿಲ್ಲ. ತುಳಿಸಿಕೊಂಡವಳು ಇನ್ನೊಬ್ಬಳನ್ನು ತುಳಿಯುವ ಮೆಟ್ಟಿಲು ಸಿಕ್ಕಿದೊಡನೆ ಹತ್ತುತ್ತಾಳೆ. ಮೆಟ್ಟಿಲು ಮೆಟ್ಟಿಲಾಗಿ ಇರುವ ಈ ಅಸಮಾನತೆಯನ್ನು ಅಂಬೇಡ್ಕರರು ನಮಗೆ ವಿವರಿಸಿದ್ದರು. ಫಾಸ್‌ಬಿಂಡರ್ ಅದಕ್ಕೆ ನಿಜವಾದ ಮೆಟ್ಟಿಲನ್ನೇ ತಂದಿಟ್ಟ.

ಚಿತ್ರದ ಹೆಸರು ಅಲಿ ಆಡುವ ಮಾತು. ‘ಭಯ ಆತ್ಮ ತಿಂದ್ಹಾಕೋದು’ ಅನ್ನುವ ಹಾಗಿನ, ವ್ಯಾಕರಣ ಮುರಿದ ಜರ್ಮನ್. ಕೂಲಿಗೆ ಬಂದವನು ಯಜಮಾನನ ಭಾಷೆಯನ್ನು ಕೈಗೆ ಸಿಕ್ಕಷ್ಟು ಕಲಿತು ಆಡಿದ ಮಾತು. ಫಾಸ್‌ಬಿಂಡರ್ ಅದನ್ನು ತಿದ್ದದೆ ಹಾಗೇ ಪೋಸ್ಟರಿನ ಮೇಲೆ ಹಾಕಿದ. ಇಂಗ್ಲಿಷಿನವರು ಏನು ಮಾಡಿದರು ಗೊತ್ತೇ? ಕ್ರಿಯಾಪದವನ್ನು ಸರಿ ಮಾಡಿ, ‘ಫಿಯರ್ ಈಟ್ಸ್ ದ ಸೋಲ್’ ಅಂತ ಇಸ್ತ್ರಿ ಹಾಕಿದ ಅಂಗಿ ತೊಡಿಸಿದರು. ಕೂಲಿಯವನ ನಾಲಿಗೆ ಮಾಯ. ಆ ಕಾಲದ ಜರ್ಮನ್ ಕಾರ್ಖಾನೆಗಳಲ್ಲಿ ಪರದೇಶಿ ಕೂಲಿಗಳನ್ನು, ವಯಸ್ಸು ಎಷ್ಟೇ ಆಗಿರಲಿ, ‘ದು’ ಅನ್ನುವುದು ವಾಡಿಕೆಯಾಗಿತ್ತು. ಗುಂಟರ್ ವಾಲ್‌ರಾಫ್ ಎಂಬ ಪತ್ರಕರ್ತ ತುರ್ಕಿ ಕೂಲಿಯ ವೇಷ ಹಾಕಿ ದುಡಿದು 1985ರಲ್ಲಿ ಒಂದು ಪುಸ್ತಕ ಬರೆದ. ಅವನು ಆ ವೇಷಕ್ಕೆ ಇಟ್ಟುಕೊಂಡ ಹೆಸರೂ ಅಲಿ!

ಈಗಿನ ಚಿತ್ರಗಳಿಗೆ ಬರೋಣ. ಥೋಮಾಸ್ ಸ್ಟೂಬರ್ ನಿರ್ದೇಶಿಸಿದ ‘ಇನ್ ದ ಐಲ್ಸ್’ 2018ರದ್ದು. ಕ್ಲೆಮೆನ್ಸ್ ಮೇಯರ್ ಅವರ ಸಣ್ಣಕತೆ ಆಧಾರ. ಹಿಂದೆ ಪೂರ್ವ ಜರ್ಮನಿಯಾಗಿದ್ದ ಸೀಮೆಯಲ್ಲಿ ಒಂದು ದೊಡ್ಡ ಸಗಟು ಅಂಗಡಿ, ಆಕಾಶದೆತ್ತರದ ಕಪಾಟುಗಳು, ರಾತ್ರಿ ಪಾಳಿ. ಕ್ರಿಸ್ಟಿಯಾನ್ ಎಂಬ ಮಾತು ಕಮ್ಮಿಯ ಹುಡುಗ ಹೊಸದಾಗಿ ಸೇರುತ್ತಾನೆ. ಬ್ರೂನೋ ಎಂಬ ಹಿರಿಯ ಅವನಿಗೆ ಫೋರ್ಕ್‌ಲಿಫ್ಟ್ ಓಡಿಸುವುದು ಕಲಿಸುತ್ತಾನೆ. ಬ್ರೂನೋ ಆ ಜಾಗದಲ್ಲೇ, ಗೋಡೆ ಬೀಳುವ ಮುಂಚೆ, ಸರ್ಕಾರಿ ಲಾರಿ ಓಡಿಸುತ್ತಿದ್ದವನು. ರಾಜ್ಯ ಹೋಯಿತು, ಲಾರಿ ಹೋಯಿತು, ಜಾಗ ಅದೇ ಉಳಿಯಿತು. ಅವಧಿ ಮುಗಿದ ತಿನಿಸನ್ನು ಕಸದ ತೊಟ್ಟಿಗೆ ಹಾಕಬೇಕು, ಕೆಲಸದವರು ತಿನ್ನಕೂಡದು. ಅವರು ತೊಟ್ಟಿಯ ಪಕ್ಕ ನಿಂತು ತಿನ್ನುತ್ತಾರೆ. ಕೊನೆಗೆ ಬ್ರೂನೋ ನೇಣು ಹಾಕಿಕೊಳ್ಳುತ್ತಾನೆ. ಚಿತ್ರದಲ್ಲಿ ಯಾರೂ ಗಟ್ಟಿಯಾಗಿ ಅಳುವುದಿಲ್ಲ. ಮಾರನೆಯ ಪಾಳಿ ಶುರುವಾಗುತ್ತದೆ.

ಇದನ್ನು ನಗರದ ವಿಮರ್ಶಕರು ಏಕಾಂಗಿತನದ ಕಾವ್ಯ ಅನ್ನುತ್ತಾರೆ. ಇರಬಹುದು. ನಮ್ಮ ಕಡೆ ಈ ಚಿತ್ರಕ್ಕೆ ಬೇರೆ ಅರ್ಥವಿದೆ. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ, ಅತ್ತ ಹೊಸಕೋಟೆಯ ಸುತ್ತ, ರಾಗಿ ಹೊಲ ಇದ್ದ ಕಡೆಗಳಲ್ಲಿ ಈಗ ಗೋಡೌನುಗಳು ನಿಂತಿವೆ. ಬೆಂಗಳೂರಿನವರು ಫೋನಿನಲ್ಲಿ ಬೆರಳಾಡಿಸಿ ತರಿಸುವ ಸೋಪು, ಚಪ್ಪಲಿ, ಕುಕ್ಕರ್ ಎಲ್ಲ ಅಲ್ಲಿಂದಲೇ ಹೊರಡುವುದು. ನನ್ನ ಜೊತೆ ಬಿ.ಎ. ಮುಗಿಸಿದವರಲ್ಲಿ ನಾಲ್ಕು ಜನ ಅಂಥ ಗೋಡೌನುಗಳಲ್ಲಿ ಸಾಮಾನು ಆರಿಸಿ ಸ್ಕ್ಯಾನ್ ಮಾಡುತ್ತಾರೆ. ಅವರನ್ನು ಕೂರಿಸಿ ಈ ಚಿತ್ರ ತೋರಿಸಿದೆ. ಇಂಗ್ಲಿಷ್ ಸಾಲು ಸರಸರ ಓಡುತ್ತದೆ, ಓದಿ ಮುಗಿಯುವ ಮುಂಚೆ ಹೋಗುತ್ತದೆ. ನಾನೇ ಪಕ್ಕದಲ್ಲಿ ಕೂತು ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಮುಗಿದ ಮೇಲೆ ಒಬ್ಬ ಅಂದ: ‘ಅಲ್ಲಿ ಹೊಸಬನಿಗೆ ಕೆಲಸ ಕಲಿಸಾಕೆ ಒಬ್ಬ ದೊಡ್ಡೋನು ಅವ್ನಲ್ಲ ಕಣ್ಲಾ. ನಮ್ಗ್ಯಾರು ಅವ್ರೆ? ಮಿಷಿನ್ ಬೀಪ್ ಅಂತದೆ, ಓಡ್ಬೇಕು.’ ಇನ್ನೊಬ್ಬ ಕೇಳಿದ: ‘ಅವ್ನು ಸತ್ತಿದ್ದನ್ನ ಮ್ಯಾನೇಜರು ಬಂದು ಹೇಳ್ತಾನಲ್ಲ, ನಿಜ್ವಾಗ್ಲೂ ಹಂಗೆ ಹೇಳ್ತಾರಾ?’ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಎರಡು ಮಾತು ಇರಲಿಲ್ಲ. ಇವರಿಬ್ಬರೂ ಹೇಳಿದ್ದು ಚಿತ್ರದ ನಡುಗಂಬದ ಬಗ್ಗೆ: ಹಳೆಯ ಸಮಾಜವಾದಿ ಕಾಲ ಹೋದಮೇಲೂ ಅಲ್ಲಿ ಕೆಲಸದವರ ನಡುವೆ ಒಂದಿಷ್ಟು ಒಡನಾಟ ಉಳಿದಿದೆ, ಬ್ರೂನೋ ಅದರ ಕೊನೆಯ ಕೊಂಡಿ. ನಮ್ಮ ಗೋಡೌನಿನಲ್ಲಿ ಆ ಕೊಂಡಿಯನ್ನು ಕಟ್ಟುವ ಮುಂಚೆಯೇ ಮುರಿದಿದ್ದಾರೆ.

ಇಂಥ ನೋಡುಗರು ಇಂದಿರಾನಗರಕ್ಕೆ ಬರುವುದು ಹೇಗೆ? ದೊಡ್ಡಬಳ್ಳಾಪುರದಿಂದ ಸುಮಾರು ನಲವತ್ತು ಕಿಲೋಮೀಟರು. ಯಲಹಂಕ ದಾಟಿ ಮೆಜೆಸ್ಟಿಕ್ಕು, ಅಲ್ಲಿಂದ ಮೆಟ್ರೋ. ಸಂಜೆ ಆರೂವರೆಗೆ ಚಿತ್ರ ಶುರುವಾದರೆ, ಆಮೇಲೆ ಸಂವಾದ ಅಂತ ಒಂದು ಇರುತ್ತದೆ. ಅದನ್ನು ಕೂತು ಕೇಳಿದರೆ ವಾಪಸು ಬಸ್ಸಿನ ಚಿಂತೆ. ಪಾಳಿ ಬಿಟ್ಟು ಬಂದರೆ ಒಂದು ದಿನದ ಕೂಲಿ ಹೋಯಿತು. ಟಿಕೆಟ್ಟು ಬಿಟ್ಟಿ ಅಂತ ಹಾಕಿದರೂ ಅದು ಬಿಟ್ಟಿಯಲ್ಲ. 2025ರಲ್ಲಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡಲು ಮಂತ್ರಿಮಂಡಲ ಒಪ್ಪಿತು. ಹೆಸರು ಹತ್ತಿರ ಬಂತು, ಬಸ್ಸು ಬರಲಿಲ್ಲ.

ಇನ್ನೊಂದು ಮಾತಿದೆ, ಸ್ವಲ್ಪ ಉದ್ದದ್ದು. 1962ರ ಫೆಬ್ರವರಿಯಲ್ಲಿ ಓಬರ್‌ಹೌಸೆನ್ ಎಂಬ ಊರಿನಲ್ಲಿ 26 ಜನ ಎಳೆಯ ಚಿತ್ರಕಾರರು ಸೇರಿ, ಅಪ್ಪಂದಿರ ಕಾಲದ ಸಿನಿಮಾ ಸತ್ತಿತೆಂದು ಸಾರಿದರು. ಅಪ್ಪಂದಿರು ಹಿಟ್ಲರನ ಕಾಲದಲ್ಲಿ ಏನು ಮಾಡುತ್ತಿದ್ದರು ಅಂತ ಮಕ್ಕಳು ಕೇಳತೊಡಗಿದರು. ಹೊಸ ಜರ್ಮನ್ ಸಿನಿಮಾ ಹುಟ್ಟಿದ್ದು ಹಾಗೆ. ಎಂಟು ವರ್ಷಕ್ಕೆ ನಮ್ಮಲ್ಲಿ ‘ಸಂಸ್ಕಾರ’ ಬಂತು (1970), ಆಮೇಲೆ ‘ವಂಶವೃಕ್ಷ’ (1971), ‘ಘಟಶ್ರಾದ್ಧ’ (1977). ಇಲ್ಲಿಯೂ ಮಕ್ಕಳು ಅಪ್ಪಂದಿರನ್ನು ಕೇಳಿದರು, ಅಗ್ರಹಾರದ ಕೊಳೆಯನ್ನು ಬೀದಿಗೆ ತಂದರು. ಅದು ಸಣ್ಣ ಕೆಲಸವಲ್ಲ, ಆ ಚಿತ್ರಗಳ ಮೇಲೆ ನನಗೆ ಗೌರವವಿದೆ. ಆದರೆ ಈ ಎರಡೂ ಒಂದೇ ಮನೆಯ ಒಳಗಿನ ಜಗಳಗಳು. ಅಪ್ಪ ಮಗ ಇಬ್ಬರಿಗೂ ಆ ಮನೆಯಲ್ಲಿ ಹಕ್ಕಿದೆ. ಹಿತ್ತಲಲ್ಲಿ ನಿಂತವನಿಗೆ ಜಗಳ ಕೇಳಿಸುತ್ತದೆ, ಅಷ್ಟೇ. ‘ಚೋಮನ ದುಡಿ’ (1975) ಹಿತ್ತಲ ಕಡೆ ತಿರುಗಿತು ನಿಜ. ವಾಸುದೇವರಾಯರ ಚೋಮನನ್ನು ಯಾರು ಮರೆಯುತ್ತಾರೆ? ಭೂಮಿ ಕೇಳಿದ ಚೋಮನಿಗೆ ಸಿಕ್ಕಿದ್ದು ದುಡಿ ಮಾತ್ರ. ಕ್ಯಾಮೆರಾವಂತೂ ಅವನ ಕೈಗೆ ಬರಲೇ ಇಲ್ಲ.

ಜರ್ಮನಿಯಲ್ಲಿ ಕ್ಯಾಮೆರಾ ಕೈ ಬದಲಾಯಿಸಿತು. ತುರ್ಕಿಯಿಂದ ಕೂಲಿಗಳನ್ನು ಕರೆಸುವ ಒಪ್ಪಂದ ಆದದ್ದು 1961ರ ಅಕ್ಟೋಬರ್ 30ಕ್ಕೆ. ‘ಅತಿಥಿ ಕಾರ್ಮಿಕರು’ ಅಂತ ಚಂದದ ಹೆಸರು. ಅತಿಥಿಗೆ ಯಾರಾದರೂ ಪಾಳಿ ಹಾಕುತ್ತಾರೆಯೇ! ತುರ್ಕಿಯಿಂದ ಬಂದ ಸಂಸಾರವೊಂದರಲ್ಲಿ 1973ರಲ್ಲಿ ಹ್ಯಾಂಬುರ್ಗಿನಲ್ಲಿ ಹುಟ್ಟಿದ ಫಾತಿಹ್ ಅಕಿನ್, 2004ರಲ್ಲಿ ‘ಹೆಡ್ ಆನ್’ ಚಿತ್ರಕ್ಕೆ ಬರ್ಲಿನ್ನಿನ ಚಿನ್ನದ ಕರಡಿ ಗೆದ್ದ. ಒಪ್ಪಂದದಿಂದ ಕರಡಿಗೆ 43 ವರ್ಷ. ಆ ಚಿತ್ರದ ಗಂಡು ಹೆಣ್ಣು ಇಬ್ಬರೂ ಜರ್ಮನರ ಕರುಣೆಯನ್ನು ಕೇಳುವುದಿಲ್ಲ. ಕುಡಿಯುತ್ತಾರೆ, ಕುಣಿಯುತ್ತಾರೆ, ಕೈ ಕುಯ್ದುಕೊಳ್ಳುತ್ತಾರೆ, ತಮ್ಮವರ ಮೇಲೇ ಹಾಯುತ್ತಾರೆ. ಫಾಸ್‌ಬಿಂಡರನ ಅಲಿ ಒಳ್ಳೆಯವನಾಗಿದ್ದ, ಮೌನಿಯಾಗಿದ್ದ. ಕೆಟ್ಟವನಾಗುವ ಸ್ವಾತಂತ್ರ್ಯ ಅವನ ಮುಂದಿನವರಿಗೆ ಸಿಕ್ಕಿದ್ದು ಅವರದೇ ಒಬ್ಬನ ಕೈಯಲ್ಲಿ. ಮರಾಠಿಯಲ್ಲಿ ನಾಗರಾಜ ಮಂಜುಳೆ, ತಮಿಳಿನಲ್ಲಿ ಪಾ. ರಂಜಿತ್, ಮಾರಿ ಸೆಲ್ವರಾಜ್ ಈ ಕೆಲಸ ಮಾಡಿದ್ದಾರೆ. ಕನ್ನಡದಲ್ಲಿ ಹೆಜ್ಜೆಗಳು ಈಗೀಗ ಬೀಳುತ್ತಿವೆ. 2025ರಲ್ಲಿ ನಟೇಶ ಹೆಗಡೆಯವರ ‘ವಾಘಾಚಿಪಾಣಿ’ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗಕ್ಕೆ ಹೋಯಿತು. ಸಂತೋಷ. ನಮ್ಮ ಚಿತ್ರ ಬರ್ಲಿನ್ ಮುಟ್ಟುವ ದಾರಿ ಗೊತ್ತಾಗಿದೆ, ಬರ್ಲಿನ್ ಚಿತ್ರ ದೊಡ್ಡಬಳ್ಳಾಪುರ ಮುಟ್ಟುವ ದಾರಿ ಇನ್ನೂ ಆಗಬೇಕು.

ಇಲ್ಕೆರ್ ಚತಾಕ್ ಅವರ ‘ದ ಟೀಚರ್ಸ್ ಲೌಂಜ್’ (2023) ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚತಾಕ್ ಕೂಡ ತುರ್ಕಿ ಮೂಲದವರ ಮಗ, ಬರ್ಲಿನ್ನಿನಲ್ಲಿ ಹುಟ್ಟಿದವರು. ಒಂದು ಶಾಲೆಯಲ್ಲಿ ಚಿಲ್ಲರೆ ಕಳ್ಳತನವಾಗುತ್ತಿದೆ. ತರಗತಿಗೆ ಬಂದು ಹುಡುಗರ ಪರ್ಸುಗಳನ್ನು ಮೇಜಿನ ಮೇಲೆ ಇಡಿಸುತ್ತಾರೆ. ‘ಇಷ್ಟವಿದ್ದರೆ ಮಾತ್ರ’ ಅನ್ನುತ್ತಾರೆ, ‘ಮುಚ್ಚಿಡುವುದಿಲ್ಲದವರಿಗೆ ಭಯವೇಕೆ’ ಅನ್ನುವ ಧಾಟಿಯಲ್ಲಿ. ಅಲಿ ಎಂಬ ಹುಡುಗನ ಪರ್ಸಿನಲ್ಲಿ ದುಡ್ಡು ಜಾಸ್ತಿ ಇದೆ. ಮತ್ತೆ ಅಲಿ! ಅಪ್ಪ ಅಮ್ಮನನ್ನು ಕರೆಸುತ್ತಾರೆ. ಆ ದುಡ್ಡು ಕೊಟ್ಟವರು ಅವರೇ. ಯಾರೂ ಬೈಯುವುದಿಲ್ಲ, ಎಲ್ಲರೂ ಸಭ್ಯರು, ‘ಜೀ, ಜೀ’ ಅಂತ ಬಹುವಚನದಲ್ಲೇ ಮಾತು. ಆ ಬಹುವಚನವೇ ಚಾಕು. ಇಂಗ್ಲಿಷ್ ಸಾಲಿನಲ್ಲಿ ಆ ಚಾಕುವಿನ ಹೊಳಪೇ ಇಲ್ಲ. ನಾನು ಓದಿದ ಒಂದು ಶಾಲೆಯಲ್ಲಿ ಜಾಮಿಟ್ರಿ ಬಾಕ್ಸ್ ಕಳೆದರೆ ಮೊದಲು ತೆಗೆಸುತ್ತಿದ್ದದ್ದು ಹಿಂದಿನ ಬೆಂಚಿನ ಮೂರು ಜನರ ಚೀಲ. ಯಾವ ಶಾಲೆ ಅನ್ನುವುದು ಬೇಡ, ಓದುವವರಲ್ಲಿ ಅರ್ಧ ಜನ ತಮ್ಮದೇ ಶಾಲೆ ಅಂದುಕೊಳ್ಳುತ್ತಾರೆ. ಒಂದು ತಕರಾರು ನನಗಿದೆ: ಚಿತ್ರ ಅಲಿಯನ್ನು ಬೇಗ ಕೈಬಿಟ್ಟು, ಒಳ್ಳೆಯ ಮೇಡಮ್ಮಿನ ಸಂಕಟದ ಹಿಂದೆ ಹೋಗುತ್ತದೆ. ಆ ಸಂಕಟ ನಿಜವೇ. ಆದರೂ ಮನೆಗೆ ಹೋದಮೇಲೆ ಅಲಿಯ ಅಪ್ಪ ಅಮ್ಮ ಏನು ಮಾತಾಡಿಕೊಂಡರು? ನನಗೆ ಆ ಮನೆಯೊಳಗೆ ಹೋಗಬೇಕಿತ್ತು.

ವಲೆಸ್ಕಾ ಗ್ರೀಸೆಬಾಖ್ ಅವರ ‘ವೆಸ್ಟರ್ನ್’ (2017) ಇನ್ನೂ ಹತ್ತಿರದ್ದು. ಜರ್ಮನ್ ಕಟ್ಟಡ ಕೂಲಿಗಳು ಬಲ್ಗೇರಿಯಾದ ಒಂದು ಹಳ್ಳಿಯ ಬಳಿ ಜಲವಿದ್ಯುತ್ ಕಾಮಗಾರಿಗೆ ಬಂದು ಬಿಡಾರ ಹೂಡುತ್ತಾರೆ, ತಮ್ಮ ಬಾವುಟ ನೆಡುತ್ತಾರೆ. ಊರಿನ ನೀರಿಗೂ ಕಾಂಕ್ರೀಟಿನ ನೀರಿಗೂ ಜಗಳ ಬೀಳುತ್ತದೆ. ತಮ್ಮ ದೇಶದಲ್ಲಿ ಕೂಲಿಯಾಗಿದ್ದವರು ಇಲ್ಲಿ ದೊರೆಗಳ ಹಾಗೆ ನಡೆಯುತ್ತಾರೆ. ನಟರೆಲ್ಲ ಹೊಸಬರು, ನಿಜವಾದ ಕೆಲಸಗಾರರ ಮೈಕಟ್ಟು. ದೇವನಹಳ್ಳಿಯಲ್ಲಿ 2008ರಿಂದ ವಿಮಾನ ಇಳಿಯುತ್ತಿವೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1777 ಎಕರೆ ಜಮೀನಿಗಾಗಿ 2022ರ ಏಪ್ರಿಲ್‌ನಿಂದ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರದಿಂದ ‘ಸ್ವಾಧೀನ ಕೈಬಿಟ್ಟೆವು’ ಅನ್ನಿಸಿದರು. ಸಾವಿರ ದಿನ ದಾಟಿದ ಆ ಟೆಂಟಿನಲ್ಲಿ ಒಂದು ಸಂಜೆ ‘ವೆಸ್ಟರ್ನ್’ ತೋರಿಸಿದ್ದರೆ ಎಂಥ ಸಂವಾದ ನಡೆಯುತ್ತಿತ್ತು! ‘ಟೋನಿ ಎರ್ಡ್‌ಮಾನ್’ (2016) ಬಗ್ಗೆಯೂ ಹೀಗೇ ಬರೆಯಬಹುದು. ರುಮೇನಿಯಾದ ಎಣ್ಣೆ ಬಾವಿಯಲ್ಲಿ ಒಬ್ಬ ಜರ್ಮನ್ ಅಪ್ಪನ ತಮಾಷೆ ಮಾತಿಗೆ ಒಬ್ಬ ಕೂಲಿಯ ಕೆಲಸ ಹೋಗುತ್ತದೆ. ಬೆಂಗಳೂರಿನ ಸಭಾಂಗಣಗಳು ಅಪ್ಪ ಮಗಳ ಕತೆಗೆ ನಗುತ್ತವೆ, ಆ ಕೂಲಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಾಲ್ಕು ಆಸ್ಕರ್ ಬಂದ ‘ಆಲ್ ಕ್ವಯೆಟ್’ (2022) ಬಗ್ಗೆ ನನಗೆ ಹೆಚ್ಚು ಹೇಳಲು ಇಲ್ಲ. ಕೆಸರು ಚೆನ್ನಾಗಿ ಕಾಣುತ್ತದೆ.

ಈಗ ಕನ್ನಡ ಸಾಲಿನ ಪ್ರಶ್ನೆ. ಜರ್ಮನಿಯ ಸಂಸ್ಕೃತಿ ಕೇಂದ್ರ ನಮ್ಮ ದೇಶದಲ್ಲಿ ಹೊತ್ತಿರುವುದು ಮ್ಯಾಕ್ಸ್ ಮುಲ್ಲರನ ಹೆಸರು. ಆತ ಆಕ್ಸ್‌ಫರ್ಡಿನಲ್ಲಿ ಕೂತು ಸಾಯಣಭಾಷ್ಯದ ಸಮೇತ ಋಗ್ವೇದವನ್ನು ಅಚ್ಚಿಗೆ ತಂದವನು, ಭಾರತಕ್ಕೆ ಒಂದು ಸಲವೂ ಬಂದವನಲ್ಲ. ಬಂದವರು ಬೇರೆ ಇದ್ದರು. ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ. ಕಿಟ್ಟೆಲ್ ಜನರ ಬಾಯಿಂದಲೂ ಓಲೆಗರಿಯಿಂದಲೂ ಮಾತು ಹೆಕ್ಕಿ, ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟ. ಮಿಷನರಿಯ ಲೆಕ್ಕಾಚಾರ ಅವರಿಗಿತ್ತು, ಗೊತ್ತು. ಆದರೂ ಕನ್ನಡದ ಇಷ್ಟು ಮಾತನ್ನು ಒಬ್ಬ ಜರ್ಮನ್ ಇಂಗ್ಲಿಷಿಗೆ ಹೊತ್ತು 130 ವರ್ಷ ದಾಟಿದ ಮೇಲೂ, ಒಂದು ಜರ್ಮನ್ ಚಿತ್ರದ ಕೆಳಗೆ ಕನ್ನಡ ಸಾಲು ಕಾಣಲು ನಾವು ಕಾಯಬೇಕೇ?

ಆಗದ ಕೆಲಸವೇನಲ್ಲ. ಒಂದು ಚಿತ್ರಕ್ಕೆ ಸಾವಿರ, ಸಾವಿರದೈನೂರು ಸಾಲು. ಒಂದೊಂದು ಎರಡು ಮೂರು ಸೆಕೆಂಡು ನಿಲ್ಲುತ್ತದೆ. ಕನ್ನಡ ಪದ ಉದ್ದ, ಪರದೆಯ ಮೇಲೆ ಹಿಡಿಸುವುದಿಲ್ಲ ಅನ್ನುತ್ತಾರೆ. ಯಾವ ಕನ್ನಡ? ‘ಬರುತ್ತಿದ್ದೇನೆ’ ಹಿಡಿಸುವುದಿಲ್ಲ, ‘ಬತ್ತಿದೀನಿ’ ಹಿಡಿಸುತ್ತದೆ. ‘ಯಾವ ಕಾರಣಕ್ಕಾಗಿ’ ಹಿಡಿಸುವುದಿಲ್ಲ, ‘ಯಾಕ್ಲಾ’ ಹಿಡಿಸುತ್ತದೆ. ಪುಸ್ತಕದಲ್ಲಿ ಜಾಗ ಸಿಗದ ನಮ್ಮ ಆಡುಮಾತಿಗೆ ಪರದೆಯ ಕೆಳಗಿನ ಆ ಎರಡು ಸಾಲು ಅಳತೆ ಮಾಡಿ ಹೊಲಿದ ಹಾಗಿದೆ.

ತೋರಿಸುವ ದಾರಿಯೂ ಹೊಸದಲ್ಲ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ‘ಒಡೆಸ್ಸಾ’ ಬಳಗ ಜನರಿಂದ ಚಂದಾ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿತು, ಊರೂರಿಗೆ ಪ್ರೊಜೆಕ್ಟರು ಹೊತ್ತು ತೋರಿಸಿತು. ಈಗ ಪ್ರೊಜೆಕ್ಟರು ಒಂದು ಬ್ಯಾಗಿನಲ್ಲಿ ಹಿಡಿಸುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಸೇರುವಷ್ಟು ಜನ ಬೇಕಿಲ್ಲ, ಮಗ್ಗದ ಸದ್ದು ನಿಂತ ಮೇಲೆ ಒಂದು ಬೀದಿಯವರು ಸಾಕು. ನೇಕಾರರ ಊರಿಗೆ ಇನ್ನೊಂದು ಚಿತ್ರ ತರಿಸಬೇಕೆಂದು ನನ್ನ ಆಸೆ: 1844ರ ಸಿಲೇಸಿಯಾ ನೇಕಾರರ ದಂಗೆಯ ಮೇಲೆ ಹಾಪ್ಟ್‌ಮಾನ್ ಬರೆದ ನಾಟಕವನ್ನು 1927ರಲ್ಲಿ ಚಿತ್ರ ಮಾಡಿದ್ದಾರೆ. ಮೂಕಿ ಚಿತ್ರ, ಓದುವುದು ಕಮ್ಮಿ. ವಿದೇಶೀ ಕೇಂದ್ರಗಳೂ ಫಿಲಂ ಸೊಸೈಟಿಗಳೂ ಹಕ್ಕಿನ ಕಾಗದಪತ್ರ ನೋಡಿಕೊಳ್ಳಲಿ. ಪರದೆ ಕಟ್ಟುವುದು, ಜನ ಸೇರಿಸುವುದು, ಕನ್ನಡ ಬರೆಯುವುದು ನಮ್ಮ ಪಾಲಿಗಿರಲಿ.

ಬರೆಯುವುದಂತೂ ಶುರುವಾಗಿದೆ. ಜರ್ಮನ್ ಕಲಿಯುತ್ತಿರುವ ಒಬ್ಬ ಹುಡುಗಿ, ಗೋಡೌನಿನ ಇಬ್ಬರು, ನಾನು, ಭಾನುವಾರಗಳಂದು ‘ಇನ್ ದ ಐಲ್ಸ್’ ಹಿಡಿದು ಕೂರುತ್ತೇವೆ. ಇನ್ನೂರು ಸಾಲು ದಾಟಿದೆ. ಬ್ರೂನೋ ಹೊಸಬನನ್ನು ‘ದು’ ಅನ್ನುತ್ತಾನೆ. ಅದನ್ನು ಬರಿ ‘ನೀನು’ ಅಂದರೆ ಸಪ್ಪೆ. ‘ಲೋ’ ಅಂದರೆ ನಮ್ಮಲ್ಲಿ ಅದಕ್ಕೆ ಬೇರೆ ಚರಿತ್ರೆಯಿದೆ, ಯಾರ ಬಾಯಿಂದ ಬಂತು ಅಂತ ನೋಡಬೇಕಾಗುತ್ತದೆ. ಒಂದು ಭಾನುವಾರ ಪೂರ್ತಿ ಇದರ ಮೇಲೇ ಜಗಳ ಆಯಿತು. ಕೊನೆಗೆ ಗೋಡೌನಿನವನೇ ಅಂದ: ‘ಕೆಲ್ಸ ಕಲಿಸೋನು ತಮ್ಮಾ ಅಂತಾನೆ ಕಣ್ರೋ.’ ಹುಡುಗಿ ಒಪ್ಪಲಿಲ್ಲ, ಜರ್ಮನ್ನಿನಲ್ಲಿ ಅಲ್ಲಿ ತಮ್ಮ ಅನ್ನುವ ಮಾತೇ ಇಲ್ಲ ಅನ್ನುತ್ತಾಳೆ. ಸದ್ಯಕ್ಕೆ ‘ತಮ್ಮಾ’ ಅಂತಲೇ ಬರೆದಿಟ್ಟಿದ್ದೇವೆ, ಪಕ್ಕದಲ್ಲಿ ಅವಳ ಪ್ರಶ್ನಾರ್ಥಕ ಚಿಹ್ನೆಯೂ ಇದೆ.